ಹನ್ನೆರಡು ಹೆಜ್ಜೆಯ ಗೆರೆ

ಐದು ದಿನ ಬಿಸಿಲು ಬೇಡುವ ಹಣ್ಣು ಮೆಣಸಿನಕಾಯಿ ಒಂದೂವರೆ ದಿನದಲ್ಲಿ ಗರಿಗರಿಯಾದರೆ ಯಾವ ಹೆಂಗಸೂ ದೂರು ಕೊಡುವುದಿಲ್ಲ. ಸುಂಕ್ಲವ್ವನೂ ದೂರೆಂದು ಹೇಳಿರಲಿಲ್ಲ. ಸಂಜೆ ಮಗಳ ತಟ್ಟೆಗೆ ಎರಡನೆಯ ರೊಟ್ಟಿ ಹಾಕುತ್ತ, ಬಲು ಹೆಮ್ಮೆಯಿಂದ ಹೇಳಿದ್ದಳು.

"ನಿಮ್ಮ ಒಲಿ ಭಾರಿ ಐತಿ ಬಿಡವ್ವ. ಏಳನೇ ಕಂಬದ ಕೆಳಗ ಹಾಕಿದ ಕಾಯಿ ಆಗಲೇ ಗಲಗಲ ಅಂತಾವು. ಎಂಟನೇ ಕಂಬದ ಕೆಳಗಿನವು ಇನ್ನಾ ಹಸೀನ ಅದಾವು. ಇವತ್ತಂತೂ ಒಂದು ಮೊರದಗಲ ಕಾಯಿ ಕರ್ರಗ ಸೀದು ಹೋಗ್ಯಾವು ನೋಡು."

ಹುಲಿಗೆಮ್ಮನ ಕೈಯ ತುತ್ತು ಬಾಯಿಯ ಬಳಿಯೇ ನಿಂತಿತು. "ಸೀದು ಹೋಗ್ಯಾವಾ? ಬೇಲಿ ದಾಟಿ ಹೋಗಬ್ಯಾಡ ಅಂತ ಎಷ್ಟು ಸಲ ಹೇಳೀನಿ ಅವ್ವ?"

"ಊರ ಮಂದೆಲ್ಲ ಅಲ್ಲೇ ಹಪ್ಪಳ ಹಾಕತಾರ. ನನ್ನ ಮಗಳೇ ಅಲ್ಲಿ ಸಾಹೇಬಳು, ನಾ ಮಾತ್ರ ಬೇಲಿ ಹೊರಗ ನಿಂದ್ರಬೇಕೇನು? ಆ ಡಂಪಿನ ಅಂಚು ನನಗ ಗೊತ್ತಿದ್ದಷ್ಟು ನಿನಗ ಗೊತ್ತಿಲ್ಲ. ನಾ ಗೆರಿ ಹಾಕಿದ ಮೂರು ವರ್ಷದಾಗ ಒಂದು ಲಾರಿ ಬಿದ್ದಿಲ್ಲ. ಹನ್ನೆರಡು ಹೆಜ್ಜಿ ಅಂದ್ರ ಹನ್ನೆರಡು ಹೆಜ್ಜಿ. ನಿನ್ನ ಹೊಟ್ಯಾಗ ಇಟ್ಕೊಂಡೂ ಹಾಕೀನಿ."

ಈ ಮಾತನ್ನು ಹುಲಿಗೆಮ್ಮ ನೂರು ಸಲ ಕೇಳಿದ್ದಳು. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ತಾಯಿ ಗಣಿಯ ಬೇಡದ ಮಣ್ಣು ಸುರಿಯುವ ಡಂಪಿನ ಮೇಲೆ ಕೂಲಿಯಾಗಿದ್ದಳು. ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸುಣ್ಣದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ದಿನವೂ ಬೆಳಿಗ್ಗೆ ಡಂಪಿನ ಅಂಚಿನಿಂದ ಹನ್ನೆರಡು ಹೆಜ್ಜೆ ಎಣಿಸಿ ಉದ್ದಕ್ಕೂ ಬಿಳಿಯ ಗೆರೆ ಎಳೆಯುವುದು ಅವಳ ಕೆಲಸ. ಲಾರಿಗಳು ಹಿಮ್ಮುಖವಾಗಿ ಬಂದು, ಹಿಂದಿನ ಚಕ್ರ ಗೆರೆಗೆ ತಾಗುತ್ತಲೇ ನಿಂತು, ಮಣ್ಣು ಸುರಿದು ಹೋಗಬೇಕು. ಸುರಿದ ರಾಶಿಯನ್ನು ಬುಲ್ಡೋಜರು ಅಂಚಿನಾಚೆ ದೂಡುತ್ತಿತ್ತು. ಸುಂಕ್ಲವ್ವನ ಬದುಕಿನಲ್ಲಿ ಹೆಮ್ಮೆಪಡುವ ಸಂಗತಿಗಳು ಎರಡೇ. ಒಂದು ಆ ಗೆರೆ, ಇನ್ನೊಂದು ಈ ಮಗಳು.

ಅವಮಾನದ ಸಂಗತಿ ಒಂದೇ. ಅದು ಅವಳ ಗಂಡ, ಲಾರಿ ಡ್ರೈವರ್ ಪಕ್ಕೀರಪ್ಪ. ಇಪ್ಪತ್ನಾಲ್ಕು ವರ್ಷಗಳ ಹಿಂದೆ ಒಂದು ಮಳೆಯ ಮಧ್ಯಾಹ್ನ ಅವನೂ ಅವನ ಲಾರಿಯೂ ಕಾಣೆಯಾಗಿದ್ದವು. ಲಾರಿಯನ್ನು ಕದ್ದು ಓಡಿಹೋದನೆಂದು ಮಾಲೀಕ ದೂರು ಕೊಟ್ಟ. ಹೊಸಪೇಟೆಯ ಕಡೆಯ ಯಾವಳನ್ನೋ ಕಟ್ಟಿಕೊಂಡನೆಂದು ಊರು ಸೇರಿಸಿತು. ಸುಂಕ್ಲವ್ವ ಮೊದಲನೆಯದನ್ನು ನಂಬಿದಳೋ ಇಲ್ಲವೋ, ಎರಡನೆಯದನ್ನು ನಂಬಿದಳು. ತಾಳಿಯನ್ನು ತೆಗೆಯಲಿಲ್ಲ, ಹೆಸರನ್ನು ಎತ್ತಲಿಲ್ಲ. ಆದರೆ ರಸ್ತೆಯಲ್ಲಿ ಹಾದುಹೋಗುವ ಪ್ರತಿ ಲಾರಿಯ ನಂಬರನ್ನು ಓದಿದಳು. ಹುಲಿಗೆಮ್ಮ ಅಂಕಿ ಕಲಿತದ್ದು ಶಾಲೆಯಲ್ಲಲ್ಲ, ತಾಯಿಯ ಕಂಕುಳಲ್ಲಿ ಕುಳಿತು: "ನಾಕು, ಏಳು, ಒಂದು, ಒಂಬತ್ತು. ಈ ನಂಬರು ಕಂಡ್ರ ಕೂಗವ್ವ. ಆ ಮುಂಡೇಗಂಡನ ಮಾರಿಗೆ ಒಂದು ಹಿಡಿ ಸುಣ್ಣ ಎರಚೇ ಸಾಯ್ತೀನಿ."

ಊರಿನವರು 'ಒಲೆ' ಎನ್ನುತ್ತಿದ್ದುದು ಅದೇ ಹಳೆಯ ಡಂಪನ್ನು. ಸಂಡೂರಿನ ಬೆಟ್ಟಸಾಲಿನ ತಪ್ಪಲಲ್ಲಿ, ಕರಡಿಹಟ್ಟಿಗೆ ಅರ್ಧ ಮೈಲಿ ದೂರದಲ್ಲಿ, ಅದು ಇನ್ನೊಂದು ಬೆಟ್ಟದಂತೆ ಮಲಗಿತ್ತು. ಅಂದಿನವರು ಸಾಂದ್ರವಾದ ಅದಿರನ್ನು ಹಡಗು ಹತ್ತಿಸಿ, ಸತ್ವ ಕಡಿಮೆಯೆಂದು ಕಂಡದ್ದನ್ನೆಲ್ಲ ಇಲ್ಲಿ ಸುರಿದಿದ್ದರು. ಅದರಲ್ಲಿ ಕಬ್ಬಿಣವಿರಲಿಲ್ಲವೆಂದಲ್ಲ. ಕೆಂಪು ಕಬ್ಬಿಣದ ಕಣವೂ ಬಿಳಿ ಬೆಣಚುಕಲ್ಲಿನ ಕಣವೂ ಒಂದನ್ನೊಂದು ಬಿಗಿದಪ್ಪಿಕೊಂಡಿದ್ದವು. ಬಿಡಿಸಬೇಕಾದರೆ ಹಿಟ್ಟಿನಂತೆ ಅರೆಯಬೇಕು. ಅರೆಯುವ ವಿದ್ಯುತ್ತಿಗೆ ತೆರುವ ಬೆಲೆ ಕಬ್ಬಿಣದ ಬೆಲೆಯನ್ನೇ ನುಂಗುತ್ತಿತ್ತು. ಹೊಸ ಬೆಟ್ಟಗಳನ್ನು ಅಗೆಯುವುದು ನಿಷಿದ್ಧವಾದ ಮೇಲೆ ಯಾರೋ ಒಬ್ಬರು ಕೇಳಿದರು: ಈ ರಾಶಿಯನ್ನು ಇದ್ದಲ್ಲಿಯೇ ಬೇಯಿಸಿದರೆ?

ಉತ್ತರ ಅಡುಗೆಮನೆಯಲ್ಲಿಯೇ ಇತ್ತು. ಮೈಕ್ರೋವೇವ್ ಪೆಟ್ಟಿಗೆಯಲ್ಲಿ ಅನ್ನ ಬಿಸಿಯಾಗುತ್ತದೆ, ಪಿಂಗಾಣಿಯ ತಟ್ಟೆ ಬಿಸಿಯಾಗುವುದಿಲ್ಲ. ಹಾಗೆಯೇ ಕಬ್ಬಿಣದ ಕಣ ಆ ಮೈಕ್ರೋವೇವ್ ಅಲೆಯನ್ನು ನುಂಗಿ ಕಾಯುತ್ತದೆ, ಬೆಣಚು ಅದನ್ನು ತನ್ನೊಳಗಿಂದ ಹಾಯಲು ಬಿಟ್ಟು ತಣ್ಣಗಿರುತ್ತದೆ. ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗದು. ಬೆಸುಗೆ ಬಿರುಕು ಬಿಡುತ್ತದೆ. ಆಮೇಲೆ ಕೈಯಲ್ಲಿ ಹಿಚುಕಿದರೂ ಉದುರುವ ಆ ಕಲ್ಲಿನಿಂದ ಬಲವಾದ ಕಾಂತವೊಂದು ಕಬ್ಬಿಣವನ್ನು ಆರಿಸಿಕೊಳ್ಳುತ್ತದೆ. ಡಂಪಿನ ಉದ್ದಕ್ಕೂ ಕುಳಿ ಕೊರೆದು ಅಲೆ ಹೊಮ್ಮಿಸುವ ಕಂಬಗಳನ್ನು ಸಾಲುಸಾಲಾಗಿ ಇಳಿಸಲಾಯಿತು. ಕಂಬಗಳ ನಡುವೆ ಕಿವಿಗಳಂತೆ ಗ್ರಾಹಕಗಳಿದ್ದವು. ಎಲ್ಲಿ ಎಷ್ಟು ಅಲೆ ಇಂಗಿತು, ಎಲ್ಲಿಂದ ಎಷ್ಟು ಮರಳಿತು ಎಂಬುದನ್ನು ಅವು ಕೇಳಿಸಿಕೊಂಡು ನಕ್ಷೆ ಬರೆಯುತ್ತಿದ್ದವು.

ಎಂಟು ತಿಂಗಳಲ್ಲಿ ಊರು ಒಲೆಗೆ ಒಗ್ಗಿಕೊಂಡಿತ್ತು. ಕಲ್ಲಿನೊಳಗಿನ ತೇವ ಹಬೆಯಾಗಿ ಸಡಿಲ ಮಣ್ಣಿನ ಸಂದುಗಳಲ್ಲಿ ಏರಿಬಂದು ಇಳಿಜಾರೆಲ್ಲ ಬೆಚ್ಚಗಿರುತ್ತಿತ್ತು. ಹೆಂಗಸರು ಹಪ್ಪಳ, ಸಂಡಿಗೆ ಒಣಗಿಸಿದರು. ಮುದುಕರು ಬೆನ್ನು ಕಾಸಿಕೊಂಡರು. ಊರ ನಾಯಿಗಳು ಒಂದೊಂದು ಕಂಬದ ಕೆಳಗೆ ಒಂದೊಂದು ಎಂದು ಹಂಚಿಕೊಂಡು ಮಲಗಿದವು. ಮೇಲ್ಭಾಗದಲ್ಲಿ ಹಾಸಿದ ತಂತಿಯ ಜಾಲರಿ ಅಲೆ ಹೊರಬರದಂತೆ ತಡೆಯುತ್ತಿತ್ತಾದರೂ ಬೇಲಿ ದಾಟಬಾರದೆಂಬ ನಿಯಮವಿತ್ತು. ಬೆಚ್ಚನೆಯ ನೆಲದ ಮುಂದೆ ನಿಯಮ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹುಲಿಗೆಮ್ಮ ನಿಯಂತ್ರಣ ಕೊಠಡಿಯಲ್ಲಿದ್ದಳು. ಮೂರು ಬಣ್ಣದ ಪೆನ್ನುಗಳನ್ನು ಒಂದೇ ಅಂತರದಲ್ಲಿ ಜೋಡಿಸಿಟ್ಟು, ಏಳನೆಯ ಕಂಬವಿದ್ದ ಸಾಲಿನ ನಕ್ಷೆಯನ್ನು ಪರದೆಯ ಮೇಲೆ ತೆರೆದಳು. ಒಂದು ಅಂಕಣವನ್ನು ಖಾಲಿ ಬಿಡುವುದೆಂದರೆ ಸುಳ್ಳು ಹೇಳಿದಂತೆ ಎಂದು ನಂಬಿದ್ದ ಹುಡುಗಿ ಅವಳು.

"ಏನು ಮಗಳೇ, ಇವತ್ತು ಕೋಳಿಗಿಂತ ಮೊದಲು ಬಂದೀಯಲ್ಲ?" ಎಂದು ಚಹಾದ ಲೋಟ ಹಿಡಿದು ಬಂದವನು ಮೌಲಾಲಿ. ಇಂದು ಕಂಬಗಳನ್ನು ಏರಿಸಿ ಇಳಿಸುವ ಕ್ರೇನಿನ ಚಾಲಕ, ಅಂದು ಇದೇ ಡಂಪಿನಲ್ಲಿ ಬುಲ್ಡೋಜರು ನಡೆಸಿದವನು.

"ಕಾಕಾ, ಇಲ್ಲಿ ನೋಡ್ರಿ. ಈ ಜಾಗ ಸುತ್ತಲಿಗಿಂತ ಎರಡು ಪಟ್ಟು ಬಿಸಿ ಐತಿ. ಇದರ ಕೆಳಗ ಮಾತ್ರ ಅಲೆ ಇಂಗವಲ್ಲದು. ಹೋದಷ್ಟೂ ವಾಪಸ್ ಬರಾಕತ್ತೈತಿ."

"ಹಂಗಂದ್ರ?"

"ಲೋಹ. ಲೋಹಕ್ಕ ಬಡಿದ ಅಲೆ ಕನ್ನಡಿಗೆ ಬಡಿದ ಬೆಳಕಿದ್ದಂಗ. ವಾಪಸ್ ಬಂದ ಅಲೆ, ಹೊಸಾ ಅಲೆ ಎರಡೂ ಕೂಡಿ ಮ್ಯಾಲಿನ ಮಣ್ಣು ಕಾಯ್ತೈತಿ. ನಮ್ಮವ್ವನ ಮೆಣಸಿನಕಾಯಿ ಸೀದಿದ್ದು ಇದಕ್ಕ."

"ಯಾರೋ ಪಾಳೇಗಾರ ಬಂಗಾರದ ಕೊಪ್ಪರಿಗಿ ಹೂತಿರಬೇಕು ತೊಗೊ! ನನಗೊಂದು ಬೊಗಸಿ ಕೊಟ್ಟುಬಿಡು, ನಾಳೆಯಿಂದ ಕ್ರೇನಿಗೆ ಸಲಾಂ."

ಹುಲಿಗೆಮ್ಮ ನಕ್ಕಳು. ನಗುತ್ತಲೇ ನಕ್ಷೆಯಲ್ಲಿ ಆ ಲೋಹ ಮೂಡಿಸಿದ್ದ ನೆರಳಿನ ಅಂಚುಗಳಿಗೆ ಅಳತೆಯ ರೇಖೆಗಳನ್ನು ಎಳೆದಳು. ಅಗಲ ಎಂಟು ಅಡಿ. ಉದ್ದ ಇಪ್ಪತ್ಮೂರು ಅಡಿ. ನಾಲ್ಕು ಮೂಲೆಗಳೂ ನೇರ. ಒಂದು ತುದಿ ಮೇಲಕ್ಕೆ, ಇನ್ನೊಂದು ತುದಿ ಕೆಳಕ್ಕೆ ಓರೆಯಾಗಿತ್ತು. ನೆಲದೊಳಗೆ ನಾಲ್ಕು ನೇರ ಮೂಲೆಯ ವಸ್ತು ತಾನಾಗಿ ಹುಟ್ಟುವುದಿಲ್ಲ.

ಮೌಲಾಲಿ ಪರದೆಯ ಹತ್ತಿರ ಬಾಗಿದವನು ಹಾಗೆಯೇ ನಿಂತ. ಅವನ ಕೈಯ ಲೋಟ ಓರೆಯಾಗಿ ಚಹಾ ನೆಲಕ್ಕೆ ಸುರಿಯುತ್ತಿತ್ತು. ಅದು ಅವನ ಅರಿವಿಗೆ ಬರಲಿಲ್ಲ.

"ಕಾಕಾ?"

"ಅವತ್ತು ಧೋ ಅಂತ ಮಳಿ," ಎಂದ ಅವನು. ಧ್ವನಿ ಅವನದಾಗಿರಲಿಲ್ಲ. "ಊಟದ ಹೊತ್ತು. ಎಲ್ಲಾರೂ ತಾಡಪತ್ರಿ ಕೆಳಗ ಕುಂತಿದ್ವಿ. ನಿಮ್ಮಪ್ಪ ಒಬ್ಬನೇ, ಇನ್ನೊಂದು ಟ್ರಿಪ್ಪು ಹೊಡ್ದು ಲಗೂ ಮನೀಗೆ ಹೋಗ್ತೀನಿ ಅಂತ ಹೋದ. ಮಳಿ ನಿಂತ ಮ್ಯಾಲ ನೋಡಿದ್ರ ಅಂಚು ಒಂದು ಕಡೆ ಕುಸಿದಿತ್ತು. ಬರೇ ಕೆಸರು. ಅಂಚು ಕುಸಿಯೋದು ದಿನಾ ಇದ್ದದ್ದೇ. ಸಮ ಮಾಡು ಅಂದ್ರು." ಅವನು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ನಾನೇ ದೂಡಿದೆ, ಮಗಳೇ. ಇದೇ ಕೈಲಿ."

ಹುಲಿಗೆಮ್ಮ ಮತ್ತೆ ನಕ್ಷೆಯತ್ತ ತಿರುಗಿದಳು. ಪರದೆಯ ಮೇಲೆ ಏಳನೆಯ ಕಂಬ ಇನ್ನೂ ಅಲೆ ಸುರಿಯುತ್ತಲೇ ಇತ್ತು. ಎಂಟು ತಿಂಗಳಿಂದ ಸುರಿಯುತ್ತಿತ್ತು. ಅದರ ಶಕ್ತಿಯನ್ನು ದಿನದಿನವೂ ಲೆಕ್ಕಹಾಕಿ ಏರಿಸಿದವಳು ತಾನೇ. ಅವಳ ಬೆರಳು ಕೆಂಪು ಗುಂಡಿಯನ್ನು ಒತ್ತಿತು. ಇಡೀ ಸಾಲು ಆರಿತು.

ಐದೇ ನಿಮಿಷದಲ್ಲಿ ಸ್ಥಾವರದ ಮುಖ್ಯಸ್ಥರಾದ ರಘೋತ್ತಮರು ಬಂದರು. "ಏನಿದು ಹುಲಿಗೆಮ್ಮ? ಹಳೇ ಗುಜರಿ ಇರಬಹುದು. ಒಂದು ಕಬ್ಬಿಣದ ತುಂಡಿಗೋಸ್ಕರ ಇಡೀ ಸಾಲು ನಿಲ್ಲಿಸೋದಾ?"

"ಸಾರ್, ಮಿತಿಗಿಂತ ಎರಡು ಪಟ್ಟು ಬಿಸಿಯಾದರೆ ಸಾಲು ನಿಲ್ಲಿಸಿ ಕಾರಣ ನೋಡಬೇಕು. ಹದಿನಾಲ್ಕನೇ ನಿಯಮ. ಬರೆದವರು ನೀವೇ." ಅವಳು ಪರದೆಯ ಮೇಲಿನ ನೆರಳನ್ನು ತೋರಿಸಿದಳು. "ಆ ತುಂಡಿನಲ್ಲಿ ಡೀಸೆಲ್ ಟ್ಯಾಂಕು ಇರಬಹುದು. ಮನುಷ್ಯನೂ ಇರಬಹುದು."

ರಘೋತ್ತಮರು ನಕ್ಷೆಯನ್ನು ನೋಡಿದರು, ಮೌಲಾಲಿಯ ಮುಖವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಳ್ಳುವುದನ್ನು ಮರೆತು, ಪೊಲೀಸ್ ಠಾಣೆಗೆ ಫೋನು ಮಾಡಿದರು.

ನೆಲ ತಣಿಯಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಬೆಳಿಗ್ಗೆ, ಇಳಿಜಾರಿನಿಂದ ಹದಿನಾಲ್ಕು ಅಡಿ ಒಳಗೆ, ಅಗೆಯುವ ಯಂತ್ರದ ಹಲ್ಲು ಲೋಹಕ್ಕೆ ತಾಗಿತು. ಆಮೇಲೆ ಸಲಿಕೆಗಳು, ಕೊನೆಗೆ ಬರಿಗೈಗಳು. ಮೂತಿ ಮೇಲೆತ್ತಿ, ಹಿಂಭಾಗ ಕೆಳಗೂರಿ, ಲಾರಿ ಕುಳಿತಿತ್ತು. ಹುಲಿಗೆಮ್ಮ ಮುಂದಿನ ಫಲಕದ ಮಣ್ಣನ್ನು ಅಂಗೈಯಿಂದ ಒರೆಸಿದಳು. ನಾಕು. ಏಳು. ಒಂದು. ಒಂಬತ್ತು. ಹುಟ್ಟಿದಂದಿನಿಂದ ಹುಡುಕಿದ ಅಂಕಿಗಳು. ಕೂಗಬೇಕೆಂದು ತಾಯಿ ಹೇಳಿಕೊಟ್ಟಿದ್ದಳು. ಅವಳು ಕೂಗದೆ ಕೊನೆಯ ಅಂಕಿಯ ಮೇಲಿನ ಮಣ್ಣನ್ನು ಮತ್ತೊಮ್ಮೆ ಒರೆಸಿದಳು.

ಕ್ಯಾಬಿನ್ನಿನ ಉಕ್ಕು ಅಲೆಗಳನ್ನು ಬಹುಮಟ್ಟಿಗೆ ಹೊರಗೇ ತಡೆದಿತ್ತು. ಒಳಗಿದ್ದದ್ದನ್ನು ಪೊಲೀಸರು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿದರು. ಹುಲಿಗೆಮ್ಮ ಅತ್ತ ನೋಡಲಾರದೆ ತನ್ನ ಕೆಲಸದ ಮೊರೆಹೊಕ್ಕಳು. ಟೇಪು ತೆಗೆದಳು. ಅಪಘಾತದ ವರದಿಯ ನಮೂನೆ ತೆಗೆದಳು.

ಆಗ ಅವಳಿಗೆ ಬಿಳಿಯ ಗೆರೆ ಕಾಣಿಸಿತು.

ಡಂಪಿನ ಅಂಚು ಅಂದು ಪುಡಿಪುಡಿಯಾಗಿ ಉದುರಿರಲಿಲ್ಲ. ರೊಟ್ಟಿಯ ತುಂಡು ಮುರಿದಂತೆ, ಒಂದೇ ಹೋಳಾಗಿ ಕಳಚಿ, ಮೇಲ್ಮೈಯನ್ನು ಹೊತ್ತುಕೊಂಡೇ ಕೆಳಗೆ ಜಾರಿತ್ತು. ಆ ಮೇಲ್ಮೈಯ ಮೇಲೆ ಸುಣ್ಣ ಹಾಗೆಯೇ ಇತ್ತು. ಲಾರಿಯ ಹಿಂದಿನ ಚಕ್ರಗಳು ಸರಿಯಾಗಿ ಗೆರೆಯ ಮೇಲೆ ಹೂತಿದ್ದವು. ಪಕ್ಕೀರಪ್ಪ ಗೆರೆಯನ್ನು ಒಂದು ಬೆರಳಿನಷ್ಟೂ ದಾಟಿರಲಿಲ್ಲ.

ಅಂಚಿನಿಂದ ಹೋಳು ಕಳಚಿದ ಬಿರುಕಿನವರೆಗೆ ಅಳೆದಳು: ಇಪ್ಪತ್ನಾಲ್ಕು ಅಡಿ. ಅಂಚಿನಿಂದ ಗೆರೆಯವರೆಗೆ ಅಳೆದಳು: ಇಪ್ಪತ್ತು ಅಡಿ. ತಪ್ಪಿರಬೇಕೆಂದು ಮತ್ತೊಮ್ಮೆ ಅಳೆದಳು. ಇಪ್ಪತ್ತು.

ಏಳನೆಯ ತರಗತಿಯಲ್ಲಿ, ಮನೆಯವರ ಹೆಜ್ಜೆ ಅಳೆದು ಬನ್ನಿರೆಂದು ಮೇಷ್ಟ್ರು ಹೇಳಿದ್ದರು. ಮನೆಯಲ್ಲಿ ಇದ್ದವಳು ತಾಯಿ ಒಬ್ಬಳೇ. ಅಂದು ಅಂಗಳದಲ್ಲಿ ಬರೆದುಕೊಂಡ ಅಂಕಿ ಹುಲಿಗೆಮ್ಮನಿಗೆ ನೆನಪಿತ್ತು: ಇಪ್ಪತ್ತೇಳು ಇಂಚು. ಹನ್ನೆರಡು ಹೆಜ್ಜೆಗೆ ಇಪ್ಪತ್ತೇಳು ಅಡಿ. ಬಿರುಕಿನಿಂದ ಮೂರು ಅಡಿ ಈಚೆಗೆ, ಗಟ್ಟಿ ನೆಲದ ಮೇಲೆ. ಗೆರೆ ಅಲ್ಲಿ ಬಿದ್ದಿದ್ದರೆ ಹೋಳು ಕಳಚುತ್ತಿತ್ತು, ಲಾರಿ ಉಳಿಯುತ್ತಿತ್ತು.

ಇಪ್ಪತ್ತು ಅಡಿಗೆ ಹನ್ನೆರಡು ಹೆಜ್ಜೆಯಾಗಬೇಕಾದರೆ ಹೆಜ್ಜೆಯೊಂದಕ್ಕೆ ಇಪ್ಪತ್ತೇ ಇಂಚು. ಅಷ್ಟು ಸಣ್ಣ ಹೆಜ್ಜೆ ಯಾರು ಇಡುತ್ತಾರೆ? ಹುಲಿಗೆಮ್ಮ ಪೊಲೀಸರು ತಂದಿದ್ದ ಮಾಲೀಕನ ಹಳೆಯ ದೂರಿನ ಪ್ರತಿಯಲ್ಲಿದ್ದ ತಾರೀಖನ್ನು ನೋಡಿದಳು. ತನ್ನ ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿದಳು. ಐದು ವಾರ. ನೆಲ ತಣ್ಣಗಾಗಿದ್ದರೂ ಅವಳ ಅಂಗಾಲು ಸುಟ್ಟಂತಾಯಿತು. ಗೆರೆ ಹಾಕಿದಾಗ ಆ ಹೆಜ್ಜೆಗಳನ್ನು ಕಿರಿದು ಮಾಡಿದ ಭಾರ ತಾನೇ.

ನಮೂನೆಯಲ್ಲಿ 'ಕಾರಣ' ಎಂಬ ಅಂಕಣವಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಒಂದು ಅಂಕಣವನ್ನು ಖಾಲಿ ಬಿಟ್ಟಳು.

ಸ್ಥಾವರದ ಗೇಟಿನ ಬಳಿ ಸುಂಕ್ಲವ್ವನ ಕ್ಯಾಂಟೀನು. ಡಂಪಿನಲ್ಲಿ ಏನೋ ಸಿಕ್ಕಿದೆಯೆಂಬ ಸುದ್ದಿ ಅಲ್ಲಿಗೆ ತಲುಪಿತ್ತು, ಏನೆಂದು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಮಗಳು ಬಂದು ನಿಂತಾಗ ಅವಳು ಮಿರ್ಚಿ ಕರಿಯುತ್ತಿದ್ದಳು.

"ಅವ್ವ. ಲಾರಿ ಸಿಕ್ಕೈತಿ."

"ಯಾವ ಲಾರಿ?"

"ನಾಕು, ಏಳು, ಒಂದು, ಒಂಬತ್ತು."

ಸುಂಕ್ಲವ್ವ ಬಾಣಲೆಯಲ್ಲಿದ್ದ ಮಿರ್ಚಿಗಳನ್ನು ಒಂದೊಂದಾಗಿ ತಿರುವಿದಳು. ಎಲ್ಲವೂ ಹೊಂಬಣ್ಣಕ್ಕೆ ಬಂದ ಮೇಲೆ ಜಾಲಿ ಸೌಟಿನಿಂದ ತೆಗೆದು ತಟ್ಟೆಗೆ ಹಾಕಿದಳು. ಒಲೆ ಆರಿಸಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಯಾರ ಜೊತಿ ಇದ್ದ?"

"ಯಾರೂ ಇಲ್ಲವ್ವ. ಒಬ್ಬನೇ. ಡಂಪಿನೊಳಗ. ಅವತ್ತಿನಿಂದ ಅಲ್ಲೇ."

ಸೌಟು ಕೈಯಿಂದ ಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಸುಂಕ್ಲವ್ವ ಮಗಳತ್ತ ತಿರುಗಿದಳು. ಇಪ್ಪತ್ನಾಲ್ಕು ವರ್ಷ ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಸಿಟ್ಟು. ಆ ಊರುಗೋಲನ್ನು ಯಾರೋ ಕಿತ್ತುಕೊಂಡಂತೆ ಬೆಂಚು ಹುಡುಕಿ ಕುಳಿತಳು. ಅವಳಿಂದ ಹೊರಟ ಮಾತು ಮಗಳು ಎಣಿಸಿದ್ದಲ್ಲ.

"ಏಳನೇ ಕಂಬದ ಕೆಳಗೇನು?"

"ಹೂಂ."

"ಅವನ ಎದಿ ಮ್ಯಾಲ ಮೆಣಸಿನಕಾಯಿ ಒಣಗಿಸಿದ್ನಲ್ಲೇ ಹುಲಿಗಿ!"

ಕುಳಿಯ ಬಾಯಿಗೆ ಬಂದಾಗ ಜನ ದಾರಿ ಬಿಟ್ಟರು. ಮೌಲಾಲಿ ಮುಖ ತೋರಿಸಲಾರದೆ ಕ್ರೇನಿನ ಹಿಂದೆ ಸರಿದ. ಸುಂಕ್ಲವ್ವ ಯಾರನ್ನೂ ನೋಡದೆ ಇಳಿದಳು. ಬಿಳಿ ಬಟ್ಟೆಯ ಬಳಿ ಕುಳಿತು, ಅದರ ಮೇಲೆ ಒಮ್ಮೆ ಅಂಗೈಯಿಟ್ಟು ತೆಗೆದಳು. ಪೊಲೀಸನೊಬ್ಬ ಕ್ಯಾಬಿನ್ನಿನಲ್ಲಿ ಸಿಕ್ಕ ವಸ್ತುಗಳನ್ನು ಪಟ್ಟಿ ಮಾಡುತ್ತಿದ್ದ: ಒಂದು ಸ್ಟೀಲಿನ ಊಟದ ಡಬ್ಬಿ, ಒಂದು ಬೀಡಿ ಪೆಟ್ಟಿಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಹೊಸ ರಬ್ಬರ್ ಚಪ್ಪಲಿ ಒಂದು ಜೊತೆ.

"ಹೆಂಗಸರ ಚಪ್ಪಲಿ," ಎಂದ ಅವನು ಸಂಕೋಚದಿಂದ.

ಸುಂಕ್ಲವ್ವ ಒಂದನ್ನು ತೆಗೆದು ತನ್ನ ಪಾದದ ಪಕ್ಕದಲ್ಲಿಟ್ಟಳು. ಅದು ಪಾದಕ್ಕಿಂತ ಎರಡು ಬೆರಳು ಉದ್ದವಿತ್ತು. ಪೊಲೀಸನ ಮುಖದಲ್ಲಿ ಅನುಮಾನ ಸುಳಿಯಿತು. ಅವಳ ಮುಖದಲ್ಲಿ ಬೇರೇನೋ ಸುಳಿಯಿತು.

"ನನ್ನವೇ," ಎಂದಳು ನಿಧಾನವಾಗಿ. "ಆಗ ಕಾಲು ಬಾತಿದ್ವು. ಹಳೀವು ಹಿಡೀತಿರಲಿಲ್ಲ. ದೊಡ್ಡವು ತರ್ತೀನಿ ತಡಿ ಅಂದಿದ್ದ. ಬರಿಗಾಲಿಲೇ ಬರ್ತಿದ್ದೆ ಕೆಲಸಕ್ಕ. ಹೆಜ್ಜಿ ಎತ್ತಿಡಾಕೇ..."

ಅವಳ ಕಣ್ಣು ಬಿಳಿಯ ಗೆರೆಯ ಮೇಲೆ ಬಿದ್ದಿತ್ತು.

"ಅವ್ವ, ಬಾ ಹೋಗೂನು," ಎಂದು ಹುಲಿಗೆಮ್ಮ ತೋಳು ಹಿಡಿದಳು. "ಗುಡ್ಡ ಜಾರಿದಾಗ ಗೆರಿನೂ ಜಾರೈತಿ. ಅದನ್ನ ನೋಡಬ್ಯಾಡ."

ಸುಂಕ್ಲವ್ವ ಮೆಲ್ಲಗೆ ತೋಳು ಬಿಡಿಸಿಕೊಂಡಳು. ಹೋಳಿನ ಹಳೆಯ ಅಂಚಿಗೆ ಹೋಗಿ ಬೆನ್ನು ಮಾಡಿ ನಿಂತಳು. ಸೊಂಟದ ಮೇಲೆ ಇಲ್ಲದ ಬುಟ್ಟಿಗೆ ಕೈ ಆನಿಸಿಕೊಂಡಳು. ನಡೆದಳು. ಒಂದು. ಎರಡು. ಕುಳಿಯ ಸುತ್ತ ನಿಂತವರಿಗೆ ಆಕೆ ಏನು ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ. ತಿಳಿದಿದ್ದವಳು ಹುಲಿಗೆಮ್ಮ ಒಬ್ಬಳೇ. ಅವಳೂ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಏಳು. ಎಂಟು. ಒಂಬತ್ತು.

ಒಂಬತ್ತನೆಯ ಹೆಜ್ಜೆಗೆ ಸುಣ್ಣ ಅವಳ ಕಾಲ್ಬೆರಳಿಗೆ ತಾಗಿತು.

ಅವಳು ಅಲ್ಲಿಯೇ ನಿಂತಳು. ಗೆರೆಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ಮಗಳನ್ನು ನೋಡಿದಳು. ಸೊಂಟದ ಮೇಲಿದ್ದ ಕೈ ಜಾರಿ ಹೊಟ್ಟೆಯ ಮೇಲೆ ಬಂತು.

"ನೀ ಆಗ ಎಂಟು ತಿಂಗಳಿದ್ದಿ," ಎಂದಳು.

ಹುಲಿಗೆಮ್ಮ ಓಡಿಹೋಗಿ ಅವಳ ಮುಂದೆ ಕುಕ್ಕರಿಸಿದಳು. ತೊಡೆಯ ಮೇಲೆ ನಮೂನೆಯನ್ನು ಹರಡಿ, ದುಂಡಾದ ಅಕ್ಷರಗಳಲ್ಲಿ ಖಾಲಿ ಅಂಕಣವನ್ನು ತುಂಬಿದಳು. ತುಂಬಿ, ಗಟ್ಟಿಯಾಗಿ ಓದಿದಳು: "ಕಾರಣ: ಅಂಚಿನ ದೂರ ಅಳೆಯಲು ಕಂಪನಿಯವರು ಹಗ್ಗವನ್ನಾಗಲಿ ಟೇಪನ್ನಾಗಲಿ ಕೊಟ್ಟಿರಲಿಲ್ಲ. ತುಂಬು ಬಸುರಿಯ ಹೆಜ್ಜೆಯಲ್ಲಿ ಅಳೆಯಿಸುತ್ತಿದ್ದರು." ಅವಳು ತಲೆಯೆತ್ತಿದಳು. "ಕೇಳಿಸ್ತಾ ಅವ್ವ? ಒಂದು ಹಗ್ಗ ಕೊಟ್ಟಿದ್ರ ಸಾಕಿತ್ತು ಅವರು. ಬರೇ ಇಪ್ಪತ್ತೇಳು ಅಡಿ ಹಗ್ಗ. ತಪ್ಪು ಅವರದು. ನಿಂದಲ್ಲ. ನಂದೂ ಅಲ್ಲ."

ಸುಂಕ್ಲವ್ವ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಇಪ್ಪತ್ತೇಳು ಅಡಿ ಅಂದ್ರ ಎಷ್ಟವ್ವ? ನನಗ ಮೊಳದ ಲೆಕ್ಕದಾಗ ಹೇಳು."

ಹುಲಿಗೆಮ್ಮನ ಬಾಯಿಂದ ಉತ್ತರ ತಾನಾಗಿ ಬಂತು. "ಹದಿನೆಂಟು ಮೊಳ."

ಹೇಳಿದ ಮೇಲೆ ಅವಳಿಗೆ ಅರಿವಾಯಿತು. ಆಗಲೇ ತಡವಾಗಿತ್ತು. ಸುಂಕ್ಲವ್ವ ಉಟ್ಟ ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅದನ್ನೇ ದಿಟ್ಟಿಸುತ್ತಿದ್ದಳು.

"ದಿನಾ ನನ್ನ ಮೈಮ್ಯಾಲೇ ಇತ್ತು," ಎಂದಳು.